ಹೆಂಟೆಯೂ ಕೂಳೆಯೂ: ಒಂದು ಜರ್ಮನ್ ಒಕ್ಕಲು ಮನೆಯ ಲೆಕ್ಕ

ಬೀಳು ನೆಲಕ್ಕೆ ಹೋಗಿ ಮನೆ ಕಟ್ಟಿದವರ ಕಥೆಗಳು ಅನೇಕ ದೇಶಗಳ ಸಾಹಿತ್ಯದಲ್ಲಿ ಉಂಟು. ಅವುಗಳಲ್ಲಿ ಬಹುಪಾಲು ಸ್ತುತಿಗ್ರಂಥಗಳು. ಮೊದಲ ಪುಟದಲ್ಲಿ ಕಾಡು, ನಡುವೆ ಕಷ್ಟ, ಕಡೆಯಲ್ಲಿ ತುಂಬಿದ ಕಣಜ. ಅಷ್ಟರಲ್ಲಿ ಅಜ್ಜನು ವೀರನಾಗಿರುತ್ತಾನೆ, ಮೊಮ್ಮಗನು ಕೈಮುಗಿದಿರುತ್ತಾನೆ. ಈ ಜಾಡನ್ನು ಬಿಟ್ಟು ನಡೆದ ಒಂದು ಗ್ರಂಥವನ್ನು ಕುರಿತು ನಾವು ಇಲ್ಲಿ ನಾಲ್ಕು ಮಾತು ಬರೆಯಬೇಕೆಂದಿದ್ದೇವೆ. ಅಮೆರಿಕದ ಜಾನ್ ಐಸ್ ಎಂಬವರು 1936ರಲ್ಲಿ ಪ್ರಕಟಿಸಿದ ‘ಸಾಡ್ ಅಂಡ್ ಸ್ಟಬಲ್’ ಎಂಬುದೇ ಆ ಗ್ರಂಥ. ಹೆಸರನ್ನು ಕನ್ನಡಿಸುವುದಾದರೆ ‘ಹೆಂಟೆಯೂ ಕೂಳೆಯೂ’ ಎನ್ನಬಹುದು. ನೇಗಿಲು ಮೊದಲು ತಗಲಿದಾಗ ಹುಲ್ಲುಬೇರಿನೊಡನೆ ಮಗುಚಿ ಬೀಳುವ ಮಣ್ಣು ಹೆಂಟೆ. ಕೊಯ್ಲು ಮುಗಿದ ಮೇಲೆ ಹೊಲದಲ್ಲಿ ನಿಂತುಳಿಯುವುದು ಕೂಳೆ. ಇವೆರಡರ ನಡುವೆ ಬೆಳೆಯುವ ಪೈರಿನ ಮಾತು ಹೆಸರಿನಲ್ಲಿಲ್ಲ. ಲೇಖಕರ ಮನೋಧರ್ಮವು ಈ ಹೆಸರಿನಲ್ಲಿಯೇ ಸೂಚಿತವಾಗಿದೆ.

ಐಸ್ ಅವರು (1885–1969) ವೃತ್ತಿಯಿಂದ ಸಾಹಿತಿಗಳಲ್ಲ. ಕಾನ್ಸಸ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಅಮೆರಿಕದ ಅರಣ್ಯನೀತಿಯನ್ನು ಕುರಿತು 1920ರಲ್ಲಿಯೂ ತೈಲನೀತಿಯನ್ನು ಕುರಿತು 1926ರಲ್ಲಿಯೂ ದೊಡ್ಡ ಗ್ರಂಥಗಳನ್ನು ಬರೆದವರು. ಅಂಥವರು ಐವತ್ತರ ವಯಸ್ಸಿನಲ್ಲಿ ತಮ್ಮ ತಂದೆತಾಯಿಗಳ ಒಕ್ಕಲುತನದ ಕಥೆಯನ್ನು ಬರೆಯಲು ಕುಳಿತರು. ತಾಯಿ ಹೇಳಿದ ಸಂಗತಿಗಳೇ ಅದಕ್ಕೆ ಮುಖ್ಯ ಆಧಾರ. ಕಾದಂಬರಿಯಂತೆ ಸಂಭಾಷಣೆಗಳೊಡನೆ ಓಡುವ ಬರವಣಿಗೆಯಾದರೂ ಇದು ಕಟ್ಟುಕಥೆಯಲ್ಲ. 1996ರಲ್ಲಿ ಕಾನ್ಸಸ್ ವಿಶ್ವವಿದ್ಯಾಲಯಗಳ ಮುದ್ರಣಾಲಯವು ಇದರ ಪೂರ್ಣಪಾಠವನ್ನು ಟಿಪ್ಪಣಿಗಳ ಸಹಿತ ಮತ್ತೆ ಅಚ್ಚುಮಾಡಿತು. ಪ್ರಾಧ್ಯಾಪಕರ ಶಾಸ್ತ್ರಗ್ರಂಥಗಳಿಗಿಂತ ಈ ಮನೆಗಥೆಯೇ ಸಾಮಾನ್ಯ ಓದುಗರಲ್ಲಿ ಹೆಚ್ಚು ಕಾಲ ಬಾಳಿದೆ.

ಕಥೆಗೆ ಹೋಗುವ ಮುನ್ನ ನೆಲದ ಸಂಗತಿಯನ್ನು ತಿಳಿದಿರಬೇಕು. 1862ರ ಮೇ 20ರಂದು ಅಮೆರಿಕದ ಸರಕಾರವು ಹೋಂಸ್ಟೆಡ್ ಕಾಯಿದೆ ಎಂಬುದನ್ನು ಜಾರಿಗೆ ತಂದಿತು. ಇಪ್ಪತ್ತೊಂದು ವರ್ಷ ತುಂಬಿದವನು, ಇಲ್ಲವೆ ಕುಟುಂಬದ ಯಜಮಾನನಾದವನು, ಸರಕಾರಿ ನೆಲದಲ್ಲಿ 160 ಎಕರೆಗೆ ಅರ್ಜಿ ಹಾಕಬಹುದು. ಐದು ವರ್ಷ ಅಲ್ಲಿಯೇ ವಾಸವಿದ್ದು ಸಾಗುವಳಿ ಮಾಡಿ ತೋರಿಸಿದರೆ ಪಟ್ಟೆ ದೊರೆಯುತ್ತದೆ. ಎಲ್ಲ ಶುಲ್ಕ ಸೇರಿ ಸುಮಾರು 18 ಡಾಲರುಗಳಷ್ಟೆ. ಪರದೇಶದಿಂದ ಬಂದವನು ಅಮೆರಿಕದ ಪೌರನಾಗುವ ಇಚ್ಛೆಯನ್ನು ಬರೆದುಕೊಟ್ಟರೆ ಅವನಿಗೂ ಇದು ಸಲ್ಲುತ್ತದೆ. ನಮ್ಮ ಕಡೆಯ ದರಖಾಸ್ತು ಭೂಮಿಯನ್ನು ಬಲ್ಲವರಿಗೆ ಇದರ ಸ್ವರೂಪವು ಸುಲಭವಾಗಿ ತಿಳಿಯುವುದು. ಜರ್ಮನಿಯಲ್ಲಿ ಅಂಗೈಯಗಲದ ಹೊಲವನ್ನು ಅಣ್ಣತಮ್ಮಂದಿರೊಡನೆ ಹಂಚಿಕೊಂಡು ಸೋತವರಿಗೆ 160 ಎಕರೆ ಎಂಬುದು ಜಹಗೀರಿಯಂತೆ ಕೇಳಿಸಿದ್ದರೆ ಆಶ್ಚರ್ಯವಿಲ್ಲ. 1880ರ ದಶಕವೊಂದರಲ್ಲಿಯೇ ಹದಿನಾಲ್ಕು ಲಕ್ಷಕ್ಕೆ ಮಿಕ್ಕಿದ ಜರ್ಮನರು ಅಮೆರಿಕಕ್ಕೆ ಬಂದಿಳಿದರು. ಎಲ್ಲರೂ ಬೇಸಾಯಕ್ಕೆ ಹೋದವರಲ್ಲ. ಹೋದವರಲ್ಲಿ ಅನೇಕರು ಕಾನ್ಸಸ್, ನೆಬ್ರಾಸ್ಕ, ಡಕೋಟಗಳ ಬಯಲನ್ನು ಸೇರಿದರು.

ಆ ಬಯಲಿನಲ್ಲಿ ಹಳ್ಳದ ದಡವೊಂದನ್ನು ಬಿಟ್ಟರೆ ಮರವೇ ವಿರಳ. ಸಾವಿರಾರು ವರ್ಷಗಳಿಂದ ಹೆಣೆದುಕೊಂಡ ಹುಲ್ಲುಬೇರು ಚಾಪೆಯಂತೆ ನೆಲವನ್ನು ಹಿಡಿದಿರುತ್ತದೆ. ಅನೇಕ ವಲಸೆಗಾರರು ಆ ಹೆಂಟೆಗಳನ್ನೇ ಇಟ್ಟಿಗೆಯಂತೆ ಕೊಯ್ದು ಗೋಡೆ ಎಬ್ಬಿಸಿದರು. ಸೌದೆಯಿಲ್ಲದ ಕಾರಣ ಒಣಗಿದ ಸಗಣಿಯನ್ನೇ ಆಯ್ದು ಒಲೆ ಉರಿಸಿದರು; ಬೆರಣಿ ತಟ್ಟಿ ಬಲ್ಲ ನಮ್ಮ ಹೆಂಗಸರಿಗೆ ಇದನ್ನು ವಿವರಿಸಬೇಕಾಗಿಲ್ಲ. ಈ ಕಥೆ ನಡೆದ ಆಸ್ಬಾರ್ನ್ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 25 ಇಂಚು. ನಮ್ಮ ಕರಾವಳಿಯಲ್ಲಿ ಆಟಿ ತಿಂಗಳ ಮಳೆ ಮೂರು ವಾರ ಹಿಡಿದರೆ ಅಷ್ಟು ಬಂದೀತು. ಅದೂ ನಂಬಿಕೆಯ ಮಳೆಯಲ್ಲ; ಒಂದು ವರ್ಷ ಬಂದರೆ ಎರಡು ವರ್ಷ ಕೈಕೊಡುವಂಥದು. ನೇಗಿಲು ಹೋದಲ್ಲಿಗೆ ಮಳೆ ಹಿಂಬಾಲಿಸುತ್ತದೆ ಎಂಬ ಒಂದು ಮಾತನ್ನು ಆಗಿನ ಪ್ರಚಾರಕರು ಶಾಸ್ತ್ರವಾಕ್ಯದಂತೆ ಸಾರುತ್ತಿದ್ದರು. ಮಳೆಗೆ ಆ ಶಾಸ್ತ್ರ ತಿಳಿದಿರಲಿಲ್ಲ.

ಇಂಥ ನೆಲಕ್ಕೆ 1873ರಲ್ಲಿ ಹೆನ್ರಿ ಎಂಬ ಜರ್ಮನನು ತನ್ನ ಹದಿನೇಳು ವರ್ಷದ ಹೆಂಡತಿ ರೋಸಿಯನ್ನು ಗಾಡಿಯಲ್ಲಿ ಕರೆತರುತ್ತಾನೆ. ಆಕೆಯೂ ಜರ್ಮನ್ ವಲಸೆಗಾರರ ಮಗಳು. ಡೌನ್ಸ್ ಎಂಬ ಊರಿಗೆ ಸಮೀಪದ ಆ ಹೊಲದಲ್ಲಿ ಅವರ ಸಂಸಾರ ಬೆಳೆಯುತ್ತದೆ. ಹನ್ನೆರಡು ಮಕ್ಕಳು ಹುಟ್ಟುತ್ತಾರೆ. ಚೊಚ್ಚಲ ಮಗು ಕೂಸಾಗಿರುವಾಗಲೇ ತೀರಿಹೋಗಿ ಹನ್ನೊಂದು ಉಳಿಯುತ್ತವೆ. ಮಿಡತೆ, ಬರಗಾಲ, ಕಾಳ್ಗಿಚ್ಚು, ಧಾನ್ಯದ ಬೆಲೆಯ ಕುಸಿತ, ಇವೆಲ್ಲ ಸರದಿಯಂತೆ ಬಂದು ಹೋಗುತ್ತವೆ. 1900ರಲ್ಲಿ ಹೆನ್ರಿ ಕಾಲವಾಗುತ್ತಾನೆ. ಆ ಮೇಲೂ ಒಂಬತ್ತು ವರ್ಷ ರೋಸಿ ಹೊಲವನ್ನು ನಡೆಸಿ, 1909ರಲ್ಲಿ ಅದನ್ನು ಮಾರಿ, ವಿಶ್ವವಿದ್ಯಾಲಯವಿರುವ ಲಾರೆನ್ಸ್ ಪಟ್ಟಣಕ್ಕೆ ಹೊರಟುಹೋಗುತ್ತಾಳೆ. ಕಥೆ ಅಲ್ಲಿಗೆ ಮುಗಿಯುತ್ತದೆ. ಮೂವತ್ತಾರು ವರ್ಷ ಹಿಡಿದು ಕಟ್ಟಿದ ಮನೆಯನ್ನು ಬಿಟ್ಟುಹೋಗುವುದರಲ್ಲಿ ಕಟ್ಟಿದವರ ಕಥೆ ಮುಗಿಯಬೇಕೆ? ಈ ಪ್ರಶ್ನೆಯೇ ಗ್ರಂಥದ ತಿರುಳು ಎಂದು ನಾವು ತಿಳಿಯುತ್ತೇವೆ.

ಗ್ರಂಥದ ಮೊದಲನೆಯ ಗುಣ, ಅದು ಮನೆಯನ್ನು ಲೆಕ್ಕದ ಪುಸ್ತಕದಂತೆ ಕಾಣುವುದು. ಅರ್ಥಶಾಸ್ತ್ರಜ್ಞನಾದ ಮಗನು ತಾಯಿಯ ದುಡಿಮೆಯನ್ನು ಹೊಗಳಿಕೆಯ ಮಾತಿನಿಂದ ಅಳೆಯುವುದಿಲ್ಲ. ಏನು ಬೆಳೆಯಿತು, ಏನು ಹೋಯಿತು, ಯಾವುದನ್ನು ಮಾರಿ ಯಾವುದನ್ನು ಕೊಂಡರು, ಯಾರು ಕೊಟ್ಟದ್ದನ್ನು ತೀರಿಸಲಿಲ್ಲ ಎಂಬುದನ್ನು ಹೇಳುತ್ತ ಹೋಗುತ್ತಾನೆ. ವೀರಗಾಥೆಯಲ್ಲಿ ಬೆಣ್ಣೆಗೂ ಮೊಟ್ಟೆಗೂ ಎಡೆಯಿರುವುದಿಲ್ಲ. ಆದರೆ ಬಯಲಿನ ಒಕ್ಕಲು ಮನೆಗಳಲ್ಲಿ ಗೋಧಿ ಕೆಟ್ಟ ವರ್ಷ ಅಂಗಡಿಯ ಸಾಲವನ್ನು ತೀರಿಸಿದ್ದು ಹೆಂಗಸರ ಬೆಣ್ಣೆಯೂ ಮೊಟ್ಟೆಯೂ. ಇಲ್ಲಿ ಒಂದು ಸೂಕ್ಷ್ಮವಿದೆ. ಕಾಯಿದೆಯ ಪ್ರಕಾರ ಪಟ್ಟೆ ಬರುವುದು ಯಜಮಾನನ ಹೆಸರಿಗೆ. ಗಂಡನೊಡನಿರುವ ಹೆಂಡತಿ ಸಾಮಾನ್ಯವಾಗಿ ತನ್ನ ಹೆಸರಿನಲ್ಲಿ ಅರ್ಜಿ ಹಾಕುವಂತಿರಲಿಲ್ಲ. ಸರಕಾರದ ಕಾಗದದಲ್ಲಿ ಕಾಣದ ರೋಸಿಯನ್ನು ಮಗನು ತನ್ನ ಕಾಗದದಲ್ಲಿ ಮೊದಲ ಸಾಲಿಗೆ ತಂದಿದ್ದಾನೆ. ಲೇಖಕನ ಮಾತೃಭಕ್ತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಎರಡನೆಯ ಗುಣ, ಗಂಡಹೆಂಡಿರ ಸ್ವಭಾವಚಿತ್ರಣ. ಹೆನ್ರಿ ಮೃದು ಹೃದಯದವನು. ಬೇಡಿ ಬಂದವರಿಗೆ ಇಲ್ಲವೆನ್ನಲಾರನು. ರೋಸಿಯದು ಬಿಗಿಮುಷ್ಟಿ, ಸಾಲವೆಂದರೆ ಆಕೆಗೆ ಹಾವನ್ನು ಕಂಡಂತೆ. ಸಾಧಾರಣ ಲೇಖಕನಾಗಿದ್ದರೆ ಇವರಿಬ್ಬರಲ್ಲಿ ಒಬ್ಬರನ್ನು ಉತ್ತಮರನ್ನಾಗಿಯೂ ಮತ್ತೊಬ್ಬರನ್ನು ಅಧಮರನ್ನಾಗಿಯೂ ಮಾಡುತ್ತಿದ್ದನು. ಐಸ್ ಅವರು ಹಾಗೆ ಮಾಡಿಲ್ಲ. ಗಂಡನ ಔದಾರ್ಯಕ್ಕೆ ಹೆಂಡತಿಯ ದುಡಿಮೆ ಬೆಲೆ ತೆತ್ತಿತು. ಅವಳ ಕಟ್ಟುನಿಟ್ಟಿಗೆ ಅವಳ ಯೌವನವೇ ಬೆಲೆ ತೆತ್ತಿತು. ಎರಡನ್ನೂ ಬರೆದು ಕೂಡಿಸುವ ಕೆಲಸವನ್ನು ಓದುಗನಿಗೆ ಬಿಟ್ಟಿದ್ದಾರೆ.

ಪ್ರಕೃತಿಯ ಕೋಪವನ್ನು ವರ್ಣಿಸುವಲ್ಲಿಯೂ ಇದೇ ಸಂಯಮ. ಆ ಮನೆಯ ಎರಡನೆಯ ಬೇಸಗೆಯಾದ 1874ರಲ್ಲಿ ಕಾನ್ಸಸಿನ ಮೇಲೆ ಮಿಡತೆಯ ದಂಡು ಇಳಿಯಿತು. ಬಿಸಿಲನ್ನು ಮರೆಮಾಡುವಷ್ಟು ದಟ್ಟವಾಗಿ ಬಂದು ಮೆಕ್ಕೆಜೋಳವನ್ನು ದಂಟಿನ ಸಮೇತ ಮುಗಿಸಿತು. ನೆಲದೊಳಗಿನ ಈರುಳ್ಳಿಯನ್ನು ತಿಂದು ಕುಳಿಯನ್ನು ಉಳಿಸಿತು. ಬೆವರಿನ ಉಪ್ಪು ಹತ್ತಿದ ಗುದ್ದಲಿಯ ಹಿಡಿಯನ್ನೂ ಕಡಿಯಿತೆಂದು ಆ ಕಾಲದ ಜನ ಹೇಳಿದ್ದಾರೆ. ಮುಂದೆ ಆ ಜಾತಿಯ ಮಿಡತೆಯೇ ಅಳಿದುಹೋಯಿತು. 1902ರ ಬಳಿಕ ಜೀವಂತವಾಗಿ ಯಾರೂ ಅದನ್ನು ಹಿಡಿದಿಲ್ಲ. ಅದು ಮೊಟ್ಟೆಯಿಡುತ್ತಿದ್ದ ಬೆಟ್ಟದ ಕಣಿವೆಗಳು ಒಕ್ಕಲಿಗರ ನೇಗಿಲಿಗೆ ಸಿಕ್ಕಿದ್ದೇ ಕಾರಣವೆಂದು ಅನೇಕ ವಿಜ್ಞಾನಿಗಳ ಅಭಿಪ್ರಾಯ. ಅರಿಯದೆಯೇ ಮಿಡತೆಯನ್ನು ಗೆದ್ದ ಅದೇ ನೇಗಿಲು ಮುಂದೆ ಏನು ಮಾಡಿತೆಂಬುದು ಗ್ರಂಥದ ಕಾಲವನ್ನು ನೋಡಿದಾಗ ತಿಳಿಯುತ್ತದೆ.

ಗ್ರಂಥ ಬಂದದ್ದು 1936ರಲ್ಲಿ ಎಂದೆವು. ಅದರ ಹಿಂದಿನ ವರ್ಷ, 1935ರಲ್ಲಿ, ಬಯಲಿನ ಒಕ್ಕಲು ಮಕ್ಕಳ ಇನ್ನೆರಡು ಪುಸ್ತಕಗಳು ಬಂದಿದ್ದವು. ಲಾರಾ ಇಂಗಲ್ಸ್ ವೈಲ್ಡರ್ ಅವರ ‘ಲಿಟ್ಲ್ ಹೌಸ್ ಆನ್ ದಿ ಪ್ರೇರಿ’ ಒಂದು. ನೆಬ್ರಾಸ್ಕದ ಮಾರಿ ಸ್ಯಾಂಡೋಜ್ ಎಂಬಾಕೆ ಸ್ವಿಟ್ಜರ್‌ಲೆಂಡಿನಿಂದ ಬಂದ ತನ್ನ ತಂದೆಯನ್ನು ಕುರಿತು ಬರೆದ ‘ಓಲ್ಡ್ ಜೂಲ್ಸ್’ ಇನ್ನೊಂದು. ಮೂರನ್ನೂ ಬರೆದವರು ಒಕ್ಕಲು ಹಿಡಿದವರ ಮಕ್ಕಳು. ಮೂರೂ ಏಕೆ ಆ ಎರಡು ವರ್ಷಗಳಲ್ಲಿಯೇ ಬಂದವು? 1935ರ ಏಪ್ರಿಲ್ 14ರ ಭಾನುವಾರ ದಕ್ಷಿಣ ಬಯಲಿನಲ್ಲಿ ಎದ್ದ ಧೂಳಿನ ಬಿರುಗಾಳಿ ಹಗಲನ್ನು ಇರುಳು ಮಾಡಿತು. ಹುಲ್ಲುಬೇರು ಹಿಡಿದಿಟ್ಟಿದ್ದ ಮಣ್ಣನ್ನು ನೇಗಿಲು ಬಿಡಿಸಿತ್ತು, ಬರಗಾಲ ಅದನ್ನು ಒಣಗಿಸಿತು, ಗಾಳಿ ಕೊಂಡೊಯ್ದಿತು. ತಂದೆತಾಯಿಗಳು ಮಗುಚಿದ ಹೆಂಟೆ ಮಕ್ಕಳ ಕಣ್ಣೆದುರಿಗೆ ಹಾರುತ್ತಿದ್ದ ಆ ಹೊತ್ತಿನಲ್ಲಿ, ಮನೆ ಕಟ್ಟಿದ್ದಕ್ಕೆ ಅರ್ಥವೇನು ಎಂಬ ಪ್ರಶ್ನೆ ಏಳುವುದು ಸಹಜ. ವೈಲ್ಡರ್ ಮಗುವಿನ ಕಣ್ಣಿನಿಂದ ನೋಡಿ, ತಂದೆಯ ಪಿಟೀಲಿನ ದನಿಯಲ್ಲಿ ಉತ್ತರ ಹುಡುಕಿದರು. ಸ್ಯಾಂಡೋಜ್ ತಂದೆಯ ಕ್ರೌರ್ಯವನ್ನೂ ಛಲವನ್ನೂ ಮುಚ್ಚಿಡದೆ ಬರೆದರು. ಐಸ್ ಮಾತ್ರ ತಾಯಿಯ ಖರ್ಚುವೆಚ್ಚವನ್ನು ಬಿಚ್ಚಿದರು. ಮೂವರಲ್ಲಿ ಇವರದೇ ಅತ್ಯಂತ ಸಪ್ಪೆಯಾದ ಮಾರ್ಗವೆಂದು ಮೊದಲ ಓದಿಗೆ ತೋರುವುದು. ಹೆಚ್ಚು ಕಾಲ ಮನಸ್ಸಿನಲ್ಲಿ ನಿಲ್ಲುವ ಮಾರ್ಗವೂ ಇದೇ ಎಂದು ನಮ್ಮ ಅಭಿಪ್ರಾಯ.

ಗುಣವನ್ನು ಹೇಳಿದಂತೆ ದೋಷವನ್ನೂ ಹೇಳುವುದು ವಿಮರ್ಶೆಯ ಧರ್ಮ. ಗ್ರಂಥದಲ್ಲಿ ಪ್ರಸಂಗಗಳ ಸಂಖ್ಯೆ ಅತಿಯಾಗಿದೆ. ನೆರೆಯವರು ಬರುತ್ತಾರೆ, ಸೋಲುತ್ತಾರೆ, ಹೊರಟುಹೋಗುತ್ತಾರೆ. ಅವರ ಸಾಲು ಮುಗಿಯುವುದಿಲ್ಲ. ನಡುಭಾಗದಲ್ಲಿ ಓದುಗನಿಗೆ ಯಾರು ಯಾರೆಂಬುದೇ ಮರೆತುಹೋದೀತು. ಇದು ಕಲೆಯ ದೋಷ. ಇದಕ್ಕಿಂತ ಆಳವಾದ ಕೊರತೆ ಎರಡಿವೆ.

ಮೊದಲನೆಯದು, ಈ ಲೆಕ್ಕ ಆರಂಭವಾಗುವ ದಿನ. ಹೆನ್ರಿ ಕಾಲಿಟ್ಟ ದಿನದಿಂದ ಲೆಕ್ಕ ತೆರೆಯುತ್ತದೆ. ಆದರೆ ಆ ನೆಲ ಯಾರೂ ಇಲ್ಲದ ನೆಲವಾಗಿರಲಿಲ್ಲ. ಕಾನ್ಸಸ್ ಎಂಬ ಹೆಸರು ಬಂದದ್ದೇ ಕಾನ್ಸ ಎಂಬ ಬುಡಕಟ್ಟಿನಿಂದ. ರೋಸಿ ಪಶ್ಚಿಮಕ್ಕೆ ಗಾಡಿಯೇರಿದ 1873ರಲ್ಲಿಯೇ ಸರಕಾರವು ಆ ಕಾನ್ಸ ಜನರನ್ನು ರಾಜ್ಯದಿಂದ ತೆರವು ಮಾಡಿಸಿ, ಇಂದಿನ ಒಕ್ಲಹೋಮಕ್ಕೆ ಕಳುಹಿಸಿತು. ಒಂದು ಗಾಡಿ ಒಳಗೆ ಬರುವಾಗ ಇನ್ನೊಂದು ಸಾಲು ಹೊರಗೆ ಹೋಗುತ್ತಿತ್ತು. ಡೌನ್ಸಿಗೆ ದೂರವಲ್ಲದ ಎಡೆಯಲ್ಲಿ ಆ ಬಯಲಿನ ಅನೇಕ ಬುಡಕಟ್ಟುಗಳು ಪವಿತ್ರವೆಂದು ನಡೆದುಕೊಳ್ಳುತ್ತಿದ್ದ ವಕೊಂಡ ಎಂಬ ಉಪ್ಪುನೀರಿನ ಬುಗ್ಗೆಯಿತ್ತು. 1960ರ ದಶಕದಲ್ಲಿ ಕಟ್ಟಿದ ಅಣೆಕಟ್ಟಿನ ನೀರಿನಲ್ಲಿ ಅದೂ ಮುಳುಗಿತು. ಹೆನ್ರಿ ರೋಸಿಯರು ಯಾರನ್ನೂ ಓಡಿಸಿದವರಲ್ಲ. ಸರಕಾರ ಕೊಟ್ಟುದನ್ನು ನ್ಯಾಯವಾಗಿ ದುಡಿದು ಪಡೆದವರು. ಆದರೂ 18 ಡಾಲರಿಗೆ 160 ಎಕರೆ ಹೇಗೆ ಅಷ್ಟು ಅಗ್ಗವಾಯಿತು ಎಂಬ ಪ್ರಶ್ನೆಯನ್ನು ಅರ್ಥಶಾಸ್ತ್ರಜ್ಞನಾದ ಮಗನು ತನ್ನ ಕಥೆಯ ಒಡಲಿಗೆ ತಂದುಕೊಳ್ಳಬೇಕಾಗಿತ್ತು. ಬೆಲೆ ತೆತ್ತವರು ಬೇರೆಯವರಾದರೆ ವಸ್ತು ಅಗ್ಗವಾಗಿಯೇ ಕಾಣುತ್ತದೆ.

ಎರಡನೆಯ ಕೊರತೆ ನಮ್ಮಂಥ ಓದುಗರಿಗೆ ಹೆಚ್ಚು ನಾಟುವಂಥದು. ಇದು ಜರ್ಮನ್ ಮನೆಯ ಕಥೆ, ಬಂದದ್ದು ಇಂಗ್ಲಿಷಿನಲ್ಲಿ. ಹಸು, ಕುದುರೆ, ಬಿತ್ತನೆಬೀಜ ಎಲ್ಲಕ್ಕೂ ಲೆಕ್ಕವಿಟ್ಟ ಈ ಗ್ರಂಥವು, ಮನೆಯ ಮಾತು ಒಂದು ತಲೆಮಾರಿನಲ್ಲಿ ಎತ್ತ ಹೋಯಿತು ಎಂಬುದನ್ನು ತನ್ನ ವಿಷಯವನ್ನಾಗಿ ಮಾಡಿಕೊಂಡಿಲ್ಲ. ಕಥೆ 1909ಕ್ಕೆ ನಿಂತದ್ದರಿಂದ ಮುಂದಿನ ದುರ್ದಿನಗಳೂ ಅದರಲ್ಲಿ ಬರುವಂತಿಲ್ಲ. ಆದರೆ 1936ರಲ್ಲಿ ಬರೆಯಲು ಕುಳಿತವರ ಬೆನ್ನ ಹಿಂದೆ ಆ ದಿನಗಳು ಇದ್ದೇ ಇದ್ದವು.

ಆ ದಿನಗಳ ಸಂಗತಿ ಹೀಗಿದೆ. 1917ರಲ್ಲಿ ಅಮೆರಿಕವು ಜರ್ಮನಿಯ ಮೇಲೆ ಯುದ್ಧ ಸಾರಿದಾಗ ಬಯಲಿನ ಜರ್ಮನ್ ಒಕ್ಕಲಿಗರ ಮಾತೇ ಸಂಶಯಕ್ಕೆ ಗುರಿಯಾಯಿತು. ಕಾನ್ಸಸಿಗೆ ಉತ್ತರದಲ್ಲಿ ತಾಗಿಕೊಂಡಿರುವ ನೆಬ್ರಾಸ್ಕದಲ್ಲಿ 1919ರಲ್ಲಿ ಒಂದು ಕಾಯಿದೆ ಬಂದಿತು. ಎಂಟನೆಯ ತರಗತಿ ಮುಗಿಸದ ಮಗುವಿಗೆ, ಸರಕಾರಿ ಶಾಲೆಯಲ್ಲಿಯಾಗಲಿ ಖಾಸಗಿ ಶಾಲೆಯಲ್ಲಿಯಾಗಲಿ, ಬಳಕೆಯಲ್ಲಿರುವ ಇಂಗ್ಲಿಷೇತರ ಭಾಷೆಯನ್ನು ಕಲಿಸಕೂಡದು. ಹ್ಯಾಂಪ್ಟನ್ ಎಂಬ ಹಳ್ಳಿಯ ಝಯಾನ್ ಶಾಲೆಯ ಉಪಾಧ್ಯಾಯ ರಾಬರ್ಟ್ ಮೇಯರ್, 1920ರ ಮೇ 25ರಂದು, ಹತ್ತು ವರ್ಷದ ಹುಡುಗನೊಬ್ಬನಿಗೆ ಜರ್ಮನ್ ಭಾಷೆಯಲ್ಲಿ ಬೈಬಲ್ ಕಥೆಗಳನ್ನು ಓದಿಸುತ್ತಿದ್ದನು. ಅದಕ್ಕಾಗಿ ಅವನಿಗೆ 25 ಡಾಲರು ದಂಡ ಬಿದ್ದಿತು. ರಾಜ್ಯದ ಮೇಲಣ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಅವನು ಬಿಡಲಿಲ್ಲ. 1923ರ ಜೂನ್ 4ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಏಳು ಮಂದಿ ನ್ಯಾಯಮೂರ್ತಿಗಳ ಬಹುಮತದಿಂದ ಆ ಶಿಕ್ಷೆಯನ್ನು ರದ್ದುಪಡಿಸಿತು. ಕಲಿಸುವುದು ಉಪಾಧ್ಯಾಯನ ಹಕ್ಕು, ಕಲಿಸಲು ಅವನನ್ನು ನೇಮಿಸಿಕೊಳ್ಳುವುದು ತಂದೆತಾಯಿಗಳ ಹಕ್ಕು ಎಂಬುದು ಆ ತೀರ್ಪಿನ ಸಾರ. ಒಬ್ಬ ಹಳ್ಳಿಯ ಮೇಷ್ಟರ ಹೆಸರು ಕಾನೂನಿನ ಗ್ರಂಥಗಳಲ್ಲಿ ಶಾಶ್ವತವಾಗಿ ಉಳಿದದ್ದು ಹೀಗೆ.

ತೀರ್ಪು ಗೆದ್ದಿತು, ಭಾಷೆ ಗೆಲ್ಲಲಿಲ್ಲ. ಅಷ್ಟರಲ್ಲಿ ಅನೇಕ ಶಾಲೆಗಳೂ ಇಗರ್ಜಿಗಳೂ ಇಂಗ್ಲಿಷಿಗೆ ತಿರುಗಿದ್ದವು. ಇಲ್ಲಿಯೇ ಐಸ್ ಅವರ ಗ್ರಂಥ ತಾನರಿಯದೆ ಒಂದು ಸತ್ಯವನ್ನು ತೋರಿಸಿಕೊಡುತ್ತದೆ. ರೋಸಿಯ ಮಕ್ಕಳ ಮೇಲೆ ಯಾವ ಕಾಯಿದೆಯೂ ಹೇರಿದ್ದಲ್ಲ. ಮಕ್ಕಳು ತನ್ನಂತೆ ಮಣ್ಣಿನಲ್ಲಿ ಸವೆಯಬಾರದು, ಓದಬೇಕು ಎಂಬುದು ತಾಯಿಯ ಹಟ. ಬಾಲ್ಯದಲ್ಲಿ ಪೋಲಿಯೋ ತಗಲಿ ಕಾಲಿನ ಬಲ ಕಳೆದುಕೊಂಡ ಜಾನ್ ಪ್ರಾಧ್ಯಾಪಕನಾದನು; ಒಡಹುಟ್ಟಿದವರಲ್ಲಿ ಹಲವರು ವಿಶ್ವವಿದ್ಯಾಲಯದ ಮೆಟ್ಟಿಲೇರಿದರು. ಆ ವಿದ್ಯೆ ದೊರೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ. ತಾಯಿಯ ಆಸೆ ಈಡೇರಿದ ದಾರಿಯೇ ಅವಳ ಮಾತಿನಿಂದ ಮಕ್ಕಳನ್ನು ದೂರಕ್ಕೆ ಒಯ್ಯುವ ದಾರಿಯೂ ಆಗಿತ್ತು. ಇದರಲ್ಲಿ ದ್ರೋಹಿಗಳು ಯಾರೂ ಇಲ್ಲ. ಆದಕಾರಣವೇ ಇದು ದಂಡ ವಿಧಿಸುವ ಕಾಯಿದೆಗಿಂತ ಹೆಚ್ಚು ಯೋಚಿಸತಕ್ಕ ವಿಷಯ.

ಗಡಿಯಾಚೆ ಕನ್ನಡದಲ್ಲಿ ಪಾಠ ಹೇಳುವ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಅನುಕೂಲ ಕಲ್ಪಿಸುವಂತೆ ರಾಜ್ಯಗಳಿಗೆ ಹೇಳಿದೆ. ಮೇಯರ್ ಮೂರು ವರ್ಷ ಹೋರಾಡಿ ಪಡೆದುದಕ್ಕಿಂತ ಇದು ಹೆಚ್ಚಿನ ಆಸರೆಯೇ ಸರಿ. ಆದರೆ ವಿಧಿ ಶಾಲೆಯ ಬಾಗಿಲನ್ನು ತೆರೆದಿಡಬಲ್ಲುದು. ಮಗುವನ್ನು ಒಳಗೆ ಕಳುಹಿಸುವುದು ತಾಯಿಯ ಆಸೆ. ಮಗ ಮೇಲಕ್ಕೆ ಬರಬೇಕೆಂಬ ಆ ಆಸೆಯನ್ನು ಹಳಿದು ಪ್ರಯೋಜನವಿಲ್ಲ. ಮೇಲಕ್ಕೆ ಬರುವ ಮೆಟ್ಟಿಲುಗಳಲ್ಲಿ ಕನ್ನಡದ ಮೆಟ್ಟಿಲೂ ಒಂದೆಂದು ಅವಳಿಗೆ ನಂಬಿಕೆ ಬರುವಂತೆ ಪಾಠ ಹೇಳುವುದೊಂದೇ ನಮ್ಮ ಕೈಯಲ್ಲಿರುವ ಕೆಲಸ.

ಗ್ರಂಥದ ಕೊನೆಯ ಬಗ್ಗೆ ಮೊದಲು ಎತ್ತಿದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಕಟ್ಟಿದ ಮನೆಯನ್ನು ಬಿಡುವುದರಲ್ಲಿ ಕಥೆ ಮುಗಿದದ್ದು ಸೋಲಿನ ಚಿಹ್ನೆಯಲ್ಲ. ರೋಸಿಗೆ ಹೊಲವು ಗುರಿಯಾಗಿರದೆ ಮಕ್ಕಳನ್ನು ದಾಟಿಸುವ ದೋಣಿಯಾಗಿತ್ತು. ದೋಣಿಯನ್ನು ದಡದಲ್ಲಿ ಬಿಟ್ಟು ನಡೆದವಳ ಬಗ್ಗೆ ಮಗನು ಕಣ್ಣೀರನ್ನೂ ಸುರಿಸದೆ ಜಯಭೇರಿಯನ್ನೂ ಹೊಡೆಯದೆ ಬರೆದಿದ್ದಾನೆ. ಲಾಭವಿಷ್ಟು, ನಷ್ಟವಿಷ್ಟು ಎಂದು ಹೇಳಿ ಪುಸ್ತಕ ಮುಚ್ಚಿದ್ದಾನೆ. ಬರೆಯದೆ ಬಿಟ್ಟ ಎರಡು ಬಾಬುಗಳನ್ನು, ಎಂದರೆ ಮೊದಲಿದ್ದವರ ನೆಲವನ್ನೂ ತಾಯಿಯ ನುಡಿಯನ್ನೂ, ಓದುಗರು ತಾವೇ ಸೇರಿಸಿಕೊಂಡು ಓದಿದರೆ ಈ ಗ್ರಂಥ ಇನ್ನೂ ದೊಡ್ಡದಾಗುತ್ತದೆ.

ಮೇಲಿನ ತರಗತಿಗಳ ಮಕ್ಕಳಿಗೆ ಇದರ ಕಥಾಸಾರವನ್ನು ಕನ್ನಡದಲ್ಲಿ ಹೇಳಲು ಯಾವ ಅಡ್ಡಿಯೂ ಇಲ್ಲ. ಹೇಳಿದ ಬಳಿಕ ಒಂದು ಅಭ್ಯಾಸವನ್ನು ಕೊಡಬಹುದೆಂದು ಉಪಾಧ್ಯಾಯ ಬಂಧುಗಳಿಗೆ ನಮ್ಮ ಸೂಚನೆ. ನಿಮ್ಮ ಮನೆ ಈ ನೆಲಕ್ಕೆ ಹೇಗೆ ಬಂದಿತು, ಬಂದಾಗ ಕೈಯಲ್ಲಿ ಏನಿತ್ತು, ಮೊದಲ ಬಾವಿಯನ್ನು ಯಾರು ತೋಡಿದರು, ಯಾವುದನ್ನು ಮಾರಿ ಯಾರನ್ನು ಓದಿಸಿದರು ಎಂಬುದನ್ನು ಮನೆಯ ಅಜ್ಜಿಯನ್ನು ಕೇಳಿ ಎರಡು ಪುಟ ಬರೆದು ತನ್ನಿರಿ ಎನ್ನಬೇಕು. ಅಲಂಕಾರ ಬೇಡ, ವರ್ಷ, ಹೆಸರು, ಬೆಲೆ ಇಷ್ಟು ಸಾಕು. ಅಜ್ಜಿ ಹೇಳಿದ ಮಾತನ್ನು ಅಜ್ಜಿಯ ಮಾತಿನಲ್ಲಿಯೇ ಬರೆಯಬೇಕು ಎಂಬುದೊಂದೇ ಕಟ್ಟಳೆ.